ಮುಕ್ತಾಯಮ್ಮನ ಕುತ್ತಿಗೆಗೆ ಬಂದ ಸ್ವೆಟರ್

ಕಳೆದ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ಗಂಡ ನಡುಮನೆಯ ನಟ್ಟನಡುವೆ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಕಡುಹಸಿರು ಉಣ್ಣೆಯ ಸ್ವೆಟರೊಂದು ಚೀಲದಂತೆ ಉಬ್ಬಿಕೊಂಡಿತ್ತು. ಒಳಗಿನಿಂದ "ಉಸಿರು, ಉಸಿರು" ಎಂಬ ಕ್ಷೀಣ ಧ್ವನಿ ಬರುತ್ತಿತ್ತು.

"ತಲೆ ಹೋಗೋ ಅಂಥದ್ದೇನಿಲ್ಲ, ಒಂದೇ ಒಂದ್ಸಲ ಹಾಕ್ಕೊಳ್ರೀ" ಎಂದು ಪುಸಲಾಯಿಸಿದವಳು ನಾನೇ. ನನ್ನ ಮಾತು ಅಕ್ಷರಶಃ ನಿಜವಾಗಿತ್ತು. ತಲೆ ಹೋಗುತ್ತಿರಲಿಲ್ಲ!

ಅದೇ ಹೊತ್ತಿಗೆ ತೆರೆದ ಬಾಗಿಲಲ್ಲಿ ಕೊರಿಯರಿನವನು ಬಂದು ನಿಂತ. ಅವನ ಕಣ್ಣಿಗೆ ಬಿದ್ದದ್ದು ಇಷ್ಟು: ತಲೆಯಿಲ್ಲದ ಒಬ್ಬ ಗಂಡಸು ಕೈ ಮೇಲೆತ್ತಿ ನಿಂತಿದ್ದಾನೆ, ಅವನ ಬೆನ್ನ ಹಿಂದೆ ಒಬ್ಬ ಹೆಂಗಸು ಮೊಳದುದ್ದದ ಎರಡು ಉಕ್ಕಿನ ಕಡ್ಡಿ ಹಿಡಿದು ಹಲ್ಲು ಕಚ್ಚಿದ್ದಾಳೆ. ಪಾಪ, ಅವನೂ ಸದ್ದಿಲ್ಲದೆ ಎರಡೂ ಕೈ ಮೇಲೆತ್ತಿದ.

"ಮೇಡಂ, ನನ್ನ ಹತ್ರ ಏನೂ ಇಲ್ಲ. ಈ ಪಾರ್ಸೆಲ್ ಒಂದೇ."

"ಸಹಿ ಎಲ್ಲಿ ಹಾಕ್ಬೇಕಪ್ಪಾ?" ಎಂದು ನಾನು ಕಡ್ಡಿಸಮೇತ ಅವನತ್ತ ಒಂದು ಹೆಜ್ಜೆ ಇಟ್ಟೆ.

"ಬೇಡಿ ಮೇಡಂ, ನಾನೇ ಹಾಕ್ಕೋತೀನಿ" ಎಂದವನು ಪಾರ್ಸೆಲನ್ನು ಹೊಸ್ತಿಲ ಮೇಲಿಟ್ಟು, ಮತ್ತೆ ಕೈ ಮೇಲೆತ್ತಿಕೊಂಡೇ ಮೆಟ್ಟಿಲಿಳಿದು ಹೋದ.

ಇಷ್ಟಕ್ಕೆಲ್ಲ ಕಾರಣ ನನ್ನದೊಂದು ಮಹಾಸಂಕಲ್ಪ.

ನಾನು ದುಡಿಯುವುದು ಒಂದು ಕಚೇರಿಯ ಬಾಕಿ ಕಡತಗಳ ವಿಭಾಗದಲ್ಲಿ. ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಜನರ ಬಾಯಲ್ಲಿ ನಾನು ಮುಕ್ತಾಯಮ್ಮ. ಯಾವ ಕಡತವಾಗಲಿ, ಎಷ್ಟೇ ಧೂಳು ತಿಂದಿರಲಿ, ನನ್ನ ಮೇಜಿಗೆ ಬಂತೆಂದರೆ ಅದಕ್ಕೆ ಮುಕ್ತಿ ಸಿಕ್ಕಿತೆಂದೇ ಲೆಕ್ಕ. ಇದು ಹುಟ್ಟುಗುಣವಲ್ಲ, ಕಾನ್ವೆಂಟ್ ಗುಣ. ಕೈ ಹಾಕಿದ ಕೆಲಸ ಮುಗಿಸದ ಹುಡುಗಿಗೆ ಊಟದ ಗಂಟೆ ಕೇಳಿಸಕೂಡದು ಎನ್ನುತ್ತಿದ್ದ ಸಿಸ್ಟರ್ ಒಬ್ಬರ ಕೈಕೆಳಗೆ ಹತ್ತು ವರ್ಷ ಕಳೆದವಳು ನಾನು. ಆ ಹತ್ತು ವರ್ಷ ನನಗೆ ಗಂಟೆ ಸ್ಪಷ್ಟವಾಗಿ ಕೇಳಿಸಿದೆ.

ಎರಡು ತಿಂಗಳ ಹಿಂದೆ ನಮ್ಮ ವಿಭಾಗದ ಕಟ್ಟಕಡೆಯ ಕಡತ ವಿಲೇವಾರಿಯಾಯಿತು. ಕಪಾಟುಗಳು ಖಾಲಿ. ದೊಡ್ಡ ಸಾಹೇಬರು ಖುದ್ದಾಗಿ ಬಂದು ಕೈಕುಲುಕಿ, "ಬಾಕಿ ಶೂನ್ಯ" ಎಂದು ಕೆತ್ತಿಸಿದ ಹಿತ್ತಾಳೆಯ ಫಲಕ ಕೊಟ್ಟರು. ಇಪ್ಪತ್ತೆರಡು ವರ್ಷ ಯಾವ ದಿನಕ್ಕಾಗಿ ಬೆವರು ಸುರಿಸಿದ್ದೆನೋ ಆ ದಿನ ಬಂದೇಬಿಟ್ಟಿತು! ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಕುರ್ಚಿಯಲ್ಲಿ ಕುಳಿತೆ. ಹನ್ನೊಂದಕ್ಕೆ ಫಲಕ ಒರೆಸಿದೆ. ಹನ್ನೆರಡಕ್ಕೆ ಅದರ ಹಿಂಬದಿ ಒರೆಸಿದೆ. ಒಂದು ಗಂಟೆಗೆ ಪಕ್ಕದ ರವಾನೆ ವಿಭಾಗದ ಗೆಳತಿಯ ಬಳಿ ಹೋಗಿ, ಒಂದೆರಡು ತೊಡಕಿನ ಕಾಗದ ಇದ್ದರೆ ಕೊಡೆಂದು ಗೋಗರೆದೆ.

ಆಕೆ ಲಕೋಟೆಗೆ ಅಂಟು ಸವರುತ್ತಲೇ, "ಬಾಕಿನೇ ಇಲ್ಲ ಅಂದ್ಮೇಲೆ ಬಾಕಿ ವಿಭಾಗ ಯಾಕೆ ಬಾಕಿ ಇರ್ಬೇಕು ಅಂತ ಮೇಲಿನವರು ಕೇಳಿದ್ರೆ ಏನ್ಹೇಳ್ತೀಯೇ?" ಎಂದಳು.

ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮನೆಗೆ ಬಂದು ಘೋಷಿಸಿದೆ: ಇಂದಿನಿಂದ ಈ ಮನೆಯಲ್ಲೂ ಬಾಕಿ ಶೂನ್ಯ. ಅರ್ಧಕ್ಕೆ ನಿಂತದ್ದು ಯಾವುದೂ ಉಳಿಯತಕ್ಕದ್ದಲ್ಲ.

ಮೊದಲ ಬಲಿ ನನ್ನ ಗಂಡನ ಪತ್ತೇದಾರಿ ಕಾದಂಬರಿ. ಶುರು ಮಾಡಿ ನಾಲ್ಕು ತಿಂಗಳಾದರೂ ಅದು ನೂರ ಇಪ್ಪತ್ತನೆಯ ಪುಟಕ್ಕೇ ಗುರುತಿನ ಚೀಟಿ ಕಚ್ಚಿಕೊಂಡು ದಿಂಬಿನ ಪಕ್ಕ ಮಲಗಿತ್ತು. ಒಂದೇ ಭಾನುವಾರ ಕುಳಿತು ಮುಗಿಸಿದೆ. ಮರುಬೆಳಿಗ್ಗೆ ಅವರು ಕಾಫಿ ಬಟ್ಟಲು ತುಟಿಗಿಟ್ಟಾಗ, "ಕೊಂದವನು ತೋಟದ ಮಾಲಿ. ಕಡತ ಮುಚ್ಚಿದೆ" ಎಂದು ವರದಿ ಒಪ್ಪಿಸಿದೆ.

ಅವರು ಬಟ್ಟಲು ಕೆಳಗಿಟ್ಟರು. "ದಿನಕ್ಕೊಂದೊಂದೇ ಪುಟ ಉಳಿಸ್ಕೊಂಡು ಓದ್ತಿದ್ದೆ ಕಣೆ" ಎಂದರು.

"ಉಳಿಸ್ಕೊಂಡ್ರೆ ಅದನ್ನೇ ಬಾಕಿ ಅನ್ನೋದು" ಎಂದೆ.

ಎರಡನೆಯ ಕಡತ ನನ್ನ ಅತ್ತೆಯದು. ಅದೇ ಈ ಸ್ವೆಟರು.

ಅತ್ತೆ ಅದನ್ನು ಮಗನಿಗಾಗಿ ಶುರು ಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಆಗ ನನ್ನ ಗಂಡ ಮಡಿಸಿಟ್ಟ ಕೊಡೆಯಂತಿದ್ದರು. ಈಗ ಕೊಡೆ ಬಿಚ್ಚಿದೆ. ಸ್ವೆಟರಿನ ಮುಂಭಾಗ, ಹಿಂಭಾಗ, ಬಲತೋಳು ಎಲ್ಲ ಮುಗಿದಿದ್ದವು. ಎಡತೋಳು ಮಾತ್ರ ಮಣಿಕಟ್ಟಿನಿಂದ ಹೊರಟು ಮೊಣಕೈ ತಲುಪಿ, ಹತ್ತು ವರ್ಷದಿಂದ ಅಲ್ಲಿಂದ ಕದಲಿರಲಿಲ್ಲ. ತೋಳು ಮುಗಿದರೆ ಉಳಿಯುವುದು ಕುತ್ತಿಗೆಯ ಪಟ್ಟಿ ಅಷ್ಟೇ. ಪ್ರತಿ ಬುಧವಾರ ಎರಡೂವರೆಗೆ ಅತ್ತೆ ಗೂಟಕ್ಕೆ ನೇತುಹಾಕಿದ ಬಟ್ಟೆಚೀಲ ಎತ್ತಿಕೊಂಡು, ಗ್ರಂಥಾಲಯದ ಮಹಡಿಯಲ್ಲಿ ಸೇರುವ ಹೆಣಿಗೆ ಕೂಟಕ್ಕೆ ಹೋಗುವರು. ಐದೂವರೆಗೆ ಬಂದು ಚೀಲವನ್ನು ಮತ್ತೆ ಗೂಟಕ್ಕೆ ಹಾಕುವರು. ಮುಂದಿನ ಬುಧವಾರದವರೆಗೆ ಅದನ್ನು ಮುಟ್ಟುತ್ತಿರಲಿಲ್ಲ.

"ಯಾವಾಗ ಮುಗಿಯತ್ತೆ ಅತ್ತೆ?" ಎಂದು ಕೇಳಿದರೆ, "ಆಗತ್ತಮ್ಮ, ಇನ್ನೇನು, ಸ್ವಲ್ಪ" ಎನ್ನುವರು. ಒಂಬತ್ತು ವರ್ಷದ ಹಿಂದೆಯೂ ಇನ್ನೇನು ಸ್ವಲ್ಪವೇ ಇತ್ತು.

ವಯಸ್ಸಾಯಿತು, ಕಣ್ಣು ಸಾಲದು, ಮಗನ ಮೈಮೇಲೆ ತನ್ನ ಕೈಕೆಲಸ ನೋಡಬೇಕೆಂಬ ಆಸೆ ಹಾಗೇ ಉಳಿದುಬಿಡುತ್ತದೇನೋ ಎಂದು ನನ್ನ ಕರುಳು ಚುರ್ ಎಂದಿತು. ಗುಟ್ಟಾಗಿ ನಾನೇ ಮುಗಿಸಿ ಅತ್ತೆಯ ಕೈಗಿಡಬೇಕು! ಹೆಣಿಗೆ ನನಗೆ ಹೊಸತೂ ಅಲ್ಲ. ಸಿಸ್ಟರ್ ಕಲಿಸಿದ ವಿದ್ಯೆ. ಗುರುವಾರ ಚೀಲದಿಂದ ಸ್ವೆಟರನ್ನೂ ಕಡ್ಡಿಗಳನ್ನೂ ತೆಗೆದು, ಚೀಲ ಸೊರಗದಂತೆ ಒಂದು ಹಳೇ ಟವೆಲ್ ತುರುಕಿ, ಕಚೇರಿಗೆ ಹೊತ್ತೊಯ್ದೆ. ಮಂಗಳವಾರ ಸಂಜೆ ತಂದು ಮತ್ತೆ ಚೀಲದಲ್ಲಿಟ್ಟೆ.

ನಿಜ ಹೇಳಬೇಕೆಂದರೆ ಅವೇ ನನ್ನ ಅತ್ಯಂತ ಸುಖದ ದಿನಗಳು. ಖಾಲಿ ಕಪಾಟುಗಳ ಮರೆಯಲ್ಲಿ, ಊಟದ ಬಿಡುವಿನಲ್ಲಿ, ಕಡ್ಡಿಗೆ ಕಡ್ಡಿ ತಾಗುವ ಟಿಕ್ ಟಿಕ್ ಸದ್ದು. ಬಾಕಿ ವಿಭಾಗಕ್ಕೆ ಕೊನೆಗೂ ಒಂದು ಬಾಕಿ ಬಂದಿತ್ತು.

ರವಾನೆ ಗೆಳತಿ ಬಂದು ನೋಡಿ, ಅತ್ತೆಗೆ ಹೇಳಿದ್ದೀಯಾ ಎಂದು ಕೇಳಿದಳು. ಇಲ್ಲ, ಆಶ್ಚರ್ಯ ಕೊಡುತ್ತೇನೆ ಎಂದೆ.

"ಕೊಡೋದೇನೋ ಕೊಡ್ತೀಯ. ತಗೊಳ್ಳೋರು ತಗೋಬೇಕಲ್ಲ" ಎಂದಳು.

ಮೊದಲ ವಾರ ಇಪ್ಪತ್ತು ಸಾಲು ಹೆಣೆದೆ. ಬುಧವಾರ ಕಳೆದು ಗುರುವಾರ ತೆಗೆದು ನೋಡುತ್ತೇನೆ, ತೋಳು ಮತ್ತೆ ಮೊಣಕೈಯಲ್ಲೇ ಇದೆ. ಎರಡನೆಯ ವಾರ ಮೂವತ್ತು ಸಾಲು. ಗುರುವಾರ ನೋಡಿದರೆ ಮತ್ತದೇ ಮೊಣಕೈ. ನುಸಿ ತಿಂದಿತೇ ಎಂದುಕೊಂಡೆ. ಆದರೆ ಸಾಲು ಎಣಿಸಿ ತಿನ್ನುವ ನುಸಿಯನ್ನು ನಾನು ಕಂಡಿರಲಿಲ್ಲ. ಆಮೇಲೆ ಹೊಳೆಯಿತು: ಅತ್ತೆಯೇ ಬಿಚ್ಚುತ್ತಿದ್ದಾರೆ. ತಾನೇ ಏನೋ ತಪ್ಪು ಹೆಣೆದಿದ್ದೇನೆಂದು ತಿಳಿದು, ಪಾಪ, ಸರಿಮಾಡಲು ಹೋಗಿ ಬಿಚ್ಚಿಹಾಕುತ್ತಿದ್ದಾರೆ! ನನ್ನ ಕರುಳು ಮತ್ತೊಮ್ಮೆ ಚುರ್ ಎಂದಿತು. ಒಂದು ಬುಧವಾರಕ್ಕೂ ಇನ್ನೊಂದು ಬುಧವಾರಕ್ಕೂ ನಡುವೆ, ಒಂದೇ ಏಟಿಗೆ ಮುಗಿಸುವುದೊಂದೇ ದಾರಿ.

ಹಾಗಾಗಿ ಮೂರನೆಯ ವಾರ ಗುರುವಾರದಿಂದ ಮಂಗಳವಾರದವರೆಗೆ ಹತ್ತರಿಂದ ಐದು ಹೆಣೆದೆ. ಕಚೇರಿಯ ಸಮಯ ಎಂದು ಹುಬ್ಬೇರಿಸಬೇಡಿ. ಬಾಕಿ ವಿಲೇವಾರಿ ಮಾಡುವುದೇ ನನ್ನ ಹುದ್ದೆ. ಎಡತೋಳು ಮುಗಿಸಿದೆ, ಭಾಗಗಳನ್ನೆಲ್ಲ ಜೋಡಿಸಿ ಹೊಲಿದೆ, ಕುತ್ತಿಗೆಯ ಸುತ್ತ ಪಟ್ಟಿ ಹೆಣೆದೆ. ಕುತ್ತಿಗೆಗೆ ಎಷ್ಟು ಕುಣಿಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಿಸ್ಟರ್ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು: ಅರವತ್ತೆಂಟು.

ಮಂಗಳವಾರ ನಾಲ್ಕೂವರೆಗೆ ಕೊನೆಯ ಗಂಟು ಹಾಕಿ ನೂಲು ಕತ್ತರಿಸಿದೆ. ಐದು ನಿಮಿಷ ಎದೆ ಉಬ್ಬಿತು. ಆರನೆಯ ನಿಮಿಷಕ್ಕೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಫಲಕ ಒರೆಸಿದೆ.

ಬುಧವಾರ ನನ್ನ ಗಂಡನ ಕನ್ನಡಕದ ಅಂಗಡಿಗೆ ರಜೆ. ಅರ್ಧ ದಿನ ರಜೆ ಹಾಕಿ ಬಂದು, ಅತ್ತೆ ಕೂಟಕ್ಕೆ ಹೊರಡುವ ಮುಂಚೆ ಅವರ ಮಗನನ್ನು ಶೃಂಗರಿಸಿ ನಿಲ್ಲಿಸಬೇಕೆಂದುಕೊಂಡೆ. ಆ ಶೃಂಗಾರದ ಕಥೆ ಆಗಲೇ ಹೇಳಿದ್ದೇನೆ. ಕೊರಿಯರಿನವನು ಹೋದ ಮೇಲೆ ನಾನು ಕುರ್ಚಿ ಹತ್ತಿ ನಿಂತು ಎರಡೂ ಕೈಯಿಂದ ಒಮ್ಮೆ ಜಗ್ಗಿದೆ. ಬಾಟಲಿಯ ಬಿರಡೆ ಹಾರಿದಂತೆ ಟಪ್ಪೆಂದು ತಲೆ ಹೊರಬಂತು. ಕನ್ನಡಕ ಒಂದು ಕಿವಿಯಲ್ಲಿ ಜೋತಾಡುತ್ತಿತ್ತು. ಮುಖ ಬದನೆಕಾಯಿಯ ಬಣ್ಣ.

"ತೆಗಿ" ಎಂದರು.

ತೆಗೆಯಲು ನೋಡಿದೆ. ಬಂದ ದಾರಿಯಲ್ಲಿ ತಲೆ ವಾಪಸು ಹೋಗಲು ಒಪ್ಪಲಿಲ್ಲ. ಪಟ್ಟಿ ಗದ್ದಕ್ಕೆ ಬಂದು ನಿಂತುಬಿಟ್ಟಿತು. ವಿಷಯ ಕುತ್ತಿಗೆಗೆ ಬಂತು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಆಗ ಅತ್ತೆ ಕೋಣೆಯಿಂದ ಹೊರಬಂದರು. ಗೂಟದ ಚೀಲಕ್ಕೆ ಕೈ ಹಾಕಿದರು, ಟವೆಲ್ ಕೈಗೆ ಬಂತು. ತಿರುಗಿ ಮಗನನ್ನು ನೋಡಿದರು. ನಾನು ಆನಂದಬಾಷ್ಪಕ್ಕಾಗಿ ಸಿದ್ಧಳಾಗಿ ನಿಂತೆ. ಬಾಷ್ಪವೇನೋ ಬಂತು, ಆನಂದ ಬರಲಿಲ್ಲ.

"ಕಡ್ಡಿ ಎಲ್ಲಮ್ಮ?" ಎಂದರು.

ಕೊಟ್ಟೆ. ಅವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಖಾಲಿ" ಎಂದು ಚಪ್ಪಲಿ ಹಾಕುವ ಸ್ಟೂಲಿನ ಮೇಲೆ ಕುಸಿದು ಕುಳಿತರು.

ಆಮೇಲೆ ಬಿಡಿಬಿಡಿಯಾಗಿ ವಿಷಯ ಹೊರಬಂತು. ಆ ಕೂಟದಲ್ಲಿ ಒಂದು ನಿಯಮ. ಯಾರ ಕೆಲಸ ಎಲ್ಲರಿಗಿಂತ ಹಳೆಯದೋ, ಅವರಿಗೆ ಕಿಟಕಿಯ ಪಕ್ಕದ ಕುರ್ಚಿ. ಹಳೇ ಕೆಲಸಕ್ಕೆ ಬೆಳಕು ಹೆಚ್ಚು ಬೇಕು ಎಂದು ಯಾರೋ ಎಂದೋ ಮಾಡಿದ್ದು. ಕೆಲಸ ಮುಗಿಸಿದವರಿಗೆ ಚಪ್ಪಾಳೆ, ಒಂದು ಪ್ರಶಸ್ತಿಪತ್ರ, ಮತ್ತು ಬಾಗಿಲ ಪಕ್ಕದ ಕುರ್ಚಿ. ಹೊಸ ಕೆಲಸ ಹಿಡಿದು ಸಾಲಿನ ಕೊನೆಯಿಂದ ಮತ್ತೆ ಶುರು. ಅತ್ತೆ ಹನ್ನೊಂದು ವರ್ಷದಿಂದ ಕಿಟಕಿಯ ಪಕ್ಕ ಕುಳಿತಿದ್ದರು. ಆ ಕಿಟಕಿಯ ಕೆಳಗೆ ಡ್ರೈವಿಂಗ್ ಸ್ಕೂಲಿನ ಮೈದಾನ. ಕಲಿಯುವವರು ಹಿಂದಕ್ಕೆ ಹೋಗಲು ಹೋಗಿ ಮುಂದಕ್ಕೆ ಹೋಗುವುದು, ನೆಟ್ಟ ಕಂಬಗಳನ್ನು ಒಂದೊಂದಾಗಿ ಮಲಗಿಸುವುದು, ಕಲಿಸುವವನು ತಲೆಯ ಮೇಲೆ ಕೈ ಹೊತ್ತು ಕೂರುವುದು, ಎಲ್ಲ ಅಲ್ಲಿಂದ ಕಾಣುತ್ತದಂತೆ. ವಾರಕ್ಕೊಮ್ಮೆ ಹೊಟ್ಟೆತುಂಬ ನಗುವ ಜಾಗ ಅದೊಂದೇ ಎಂದರು. ಆ ಕೊನೆಯ ಮಾತು ನನಗೆ ಸೂಜಿಯಂತೆ ಚುಚ್ಚಿತು. ಮಿಕ್ಕ ಆರು ದಿನ ಅವರು ಇರುವುದು ನಮ್ಮ ಜೊತೆ.

"ತೋಳು ಉದ್ದ ಆಗಿರೋದು ನೋಡಿದ್ರಲ್ಲ ಅತ್ತೆ, ಅನುಮಾನ ಬರ್ಲಿಲ್ವಾ?"

"ಕುಣಿಕೆ ಬಿಗಿ ನೋಡಿದ ತಕ್ಷಣ ನೀನೇ ಅಂತ ಗೊತ್ತಾಯ್ತು. ಬಿಚ್ತಾ ಹೋದ್ರೆ ಬೇಜಾರಾಗಿ ನೀನೇ ಬಿಟ್ಬಿಡ್ತೀಯ ಅಂದ್ಕೊಂಡೆ." ಒಂದು ನಿಟ್ಟುಸಿರು. "ಬಿಡೋಳಲ್ಲ ನೀನು."

ನಾನು ಸೆಟೆದು ನಿಂತೆ. ನಾನೇ ಬಂದು ಮಾತಾಡಿ ಸರಿಮಾಡುತ್ತೇನೆ ಎಂದೆ. ಮೂವರೂ ಹೊರಟೆವು. ಸ್ವೆಟರು ಬಿಡದ ಕಾರಣ ನನ್ನ ಗಂಡ ಸುಡುಬಿಸಿಲಿನಲ್ಲಿ ಗದ್ದದವರೆಗೆ ಉಣ್ಣೆ ತೊಟ್ಟು ಕಾರು ಓಡಿಸಿದರು. ಸಿಗ್ನಲಿನಲ್ಲಿ ಪಕ್ಕದ ಕಾರಿನವರು ಅವರನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿದರು.

ಕೂಟದ ಮುಖ್ಯಸ್ಥೆ ನಿವೃತ್ತ ಹೆಡ್‌ಮಿಸ್. ಮೇಜಿನ ಮೇಲೆ ಇನ್ನೂ ಗಂಟೆ ಇಟ್ಟುಕೊಂಡಿರುವವರು. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಸ್ವೆಟರಿನ ಮೇಲೆ ಬಿತ್ತು. ಗಂಟೆ ಬಾರಿಸಿದರು. ಹನ್ನೆರಡು ಜನ ಹೆಂಗಸರು ಎದ್ದು ಚಪ್ಪಾಳೆ ತಟ್ಟಿದರು. ಪ್ರಶಸ್ತಿಪತ್ರ ಬಂತು. ಅತ್ತೆಯನ್ನು ಬಾಗಿಲ ಪಕ್ಕದ ಕುರ್ಚಿಗೆ ಕರೆದೊಯ್ದರು. ಎರಡನೆಯ ಸ್ಥಾನದಲ್ಲಿ ಕಾದಿದ್ದವರು ಒಬ್ಬ ಗಣಿತದ ಟೀಚರ್. ಹದಿನೇಳು ವರ್ಷದಿಂದ ಒಂದು ಮೇಜುಬಟ್ಟೆ ಹೆಣೆಯುತ್ತಿದ್ದರು. ಮೇಜೇ ಹೋಗಿ ಎಷ್ಟೋ ಕಾಲವಾಗಿತ್ತಂತೆ. ತಮಗೂ ಕಿಟಕಿಗೂ ಇದ್ದ ಅಂತರವನ್ನು ಅವರು ಯಾವ ಸೂತ್ರದಿಂದ ಕಳೆದರೋ ಕಾಣೆ, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಕುಳಿತು ಕೆಳಗೆ ಇಣುಕಿ, "ಅಯ್ಯೋ, ಕಂಬ ಬಿತ್ತು" ಎಂದು ನಗುತ್ತಿದ್ದರು.

ಅತ್ತೆ ಬಾಗಿಲ ಬಳಿ ಎರಡು ಖಾಲಿ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಯಾರೋ ನಕ್ಕಾಗ ತಾವೂ ಸ್ವಲ್ಪ ನಕ್ಕರು, ಏನು ಎತ್ತ ಎಂದು ಕಾಣದೆಯೇ.

ಇಪ್ಪತ್ತೆರಡು ವರ್ಷದ ನನ್ನ ಕಚೇರಿ ವಿದ್ಯೆಯೆಲ್ಲ ನಾಲಗೆಯ ತುದಿಗೆ ಬಂದು ನಿಂತಿತು. ಎದ್ದು ವಾದ ಮಂಡಿಸಿದೆ. ವಿಲೇವಾರಿಯಾದ ಕಡತದಲ್ಲಿ ಲೋಪ ಕಂಡುಬಂದರೆ ಅದು ವಿಲೇವಾರಿಯೇ ಅಲ್ಲ. ಅದನ್ನು ಮತ್ತೆ ತೆರೆಯಬಹುದು, ಮತ್ತು ಮೂಲ ದಿನಾಂಕವೇ ಅದಕ್ಕೆ ಅನ್ವಯಿಸುತ್ತದೆ. ಹಾಕಿದ ಮೇಲೆ ತೆಗೆಯಲು ಬಾರದ ಸ್ವೆಟರು ಸ್ವೆಟರೇ ಅಲ್ಲ, ಬರೀ ಬಂಧನ. ಸಾಕ್ಷಿ ಇಲ್ಲೇ ನಿಂತಿದ್ದಾರೆ, ಬೆವರುತ್ತಿದ್ದಾರೆ.

ಹೆಡ್‌ಮಿಸ್ ಎದ್ದು ಬಂದು ಸಾಕ್ಷಿಯ ಕುತ್ತಿಗೆಯೊಳಗೆ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ.

"ಎಷ್ಟು ಕುಣಿಕೆ ಹಾಕಿದ್ದೀರಿ?"

"ಅರವತ್ತೆಂಟು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು" ಎಂದೆ ಹೆಮ್ಮೆಯಿಂದ.

"ಅಲ್ಲಿ ಯಾರಿಗೆ ಹೆಣೀತಿದ್ರಿ?"

"ಅನಾಥಾಲಯದ ಮಕ್ಕಳಿಗೆ..." ನನ್ನ ಧ್ವನಿ ತಾನಾಗಿಯೇ ಸಣ್ಣದಾಯಿತು.

"ಎಷ್ಟು ವಯಸ್ಸಿನ ಮಕ್ಕಳು?"

"ತೊಟ್ಟಿಲಿನವು."

ಹನ್ನೆರಡು ಜೊತೆ ಕಡ್ಡಿಗಳ ಟಿಕ್ ಟಿಕ್ ಒಮ್ಮೆಲೇ ನಿಂತಿತು. ನನ್ನ ಗಂಡ ನನ್ನತ್ತ ತಿರುಗಿದರು. ಬರೀ ಕುತ್ತಿಗೆ ತಿರುಗದ ಕಾರಣ ಇಡಿಯಾಗಿ ತಿರುಗಿದರು.

ಹೆಡ್‌ಮಿಸ್ ತೀರ್ಪು ಕೊಟ್ಟರು: ವಾದ ಒಪ್ಪಿದೆ, ಆದರೆ ಬಿಚ್ಚುವ ಕೆಲಸ ಸಭೆಯ ಮುಂದೆ, ತಪ್ಪು ಮಾಡಿದವರ ಕೈಯಿಂದಲೇ ಆಗಬೇಕು. ಹೀಗೆ, ಮುಗಿಸುವುದರಲ್ಲಿ ಹೆಸರುವಾಸಿಯಾದ ಮುಕ್ತಾಯಮ್ಮ ಹನ್ನೆರಡು ಜನರ ಎದುರು, ತಾನು ಹಾಕಿದ ಕೊನೆಯ ಗಂಟನ್ನು ತಾನೇ ಕತ್ತರಿಸಿ ನೂಲಿನ ತುದಿ ಹಿಡಿದಳು. ಕುತ್ತಿಗೆಯ ಪಟ್ಟಿ ಸುತ್ತಾಗಿ ಹೆಣೆದದ್ದಾದ್ದರಿಂದ ಸುತ್ತಾಗಿಯೇ ಬಿಚ್ಚಬೇಕು. ನಾನು ಎಳೆಯುತ್ತಿದ್ದೆ, ನನ್ನ ಗಂಡ ನಿಂತಲ್ಲೇ ಬುಗುರಿಯಂತೆ ತಿರುಗುತ್ತಿದ್ದರು. ನನ್ನ ಜಂಬ ಎಳೆ ಎಳೆಯಾಗಿ ನೆಲಕ್ಕೆ ಬೀಳುತ್ತಿತ್ತು. ಡ್ರೈವಿಂಗ್ ಸ್ಕೂಲನ್ನು ಆಗ ಯಾರೂ ನೋಡಲಿಲ್ಲ. ಗಣಿತದ ಟೀಚರ್ ಕೂಡ ಕಿಟಕಿಗೆ ಬೆನ್ನು ಹಾಕಿ ಕುಳಿತರು.

"ಎಡಗಡೆ ತಿರುಗೋ, ಎಡಗಡೆ" ಎಂದು ಬಾಗಿಲ ಬಳಿಯಿಂದ ಅತ್ತೆ ಹೇಳಿಕೊಡುತ್ತಿದ್ದರು. ಅಂದು ಮೊದಲ ಬಾರಿಗೆ ಅವರ ಮುಖ ಅರಳಿದ್ದನ್ನು ಕಂಡೆ.

ಹನ್ನೆರಡನೆಯ ಸುತ್ತಿಗೆ ತಲೆ ಬಿಡುಗಡೆಯಾಯಿತು. ಹೆಡ್‌ಮಿಸ್ ಬಿಡಿಯಾದ ಕುಣಿಕೆಗಳನ್ನು ಅತ್ತೆಯ ಕಡ್ಡಿಗೆ ಏರಿಸಿ, "ಕೆಲಸ ಕಡ್ಡಿ ಮೇಲಿದೆ. ಹತ್ತೊಂಬತ್ತು ವರ್ಷ ಊರ್ಜಿತ" ಎಂದು ಗಂಟೆ ಬಾರಿಸಿದರು. ಪ್ರಶಸ್ತಿಪತ್ರ ವಾಪಸಾಯಿತು. ಗಣಿತದ ಟೀಚರ್ ಮೇಜುಬಟ್ಟೆಯನ್ನು ಮಡಿಲಿಗೆ ಒತ್ತಿಕೊಂಡು ತಮ್ಮ ಹಳೆಯ ಜಾಗಕ್ಕೆ ಹೋದರು. ಅತ್ತೆ ಕಿಟಕಿಯ ಪಕ್ಕ ಕುಳಿತರು. ಆದರೆ ಕೆಳಗೆ ನೋಡಲಿಲ್ಲ. ಕಡ್ಡಿಯ ಮೇಲಿನ ಕುತ್ತಿಗೆಯನ್ನೇ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ತಗ್ಗಿದ ಧ್ವನಿಯಲ್ಲಿ ಹೇಳಿದರು:

"ಆ ಎಡತೋಳೂ ಬಿಚ್ಬಿಡಮ್ಮ. ಮೊಣಕೈ ತನಕ."

"ಯಾಕತ್ತೆ? ಕುತ್ತಿಗೆ ಒಂದು ಬಾಕಿ ಇದ್ರೆ ಸಾಕಲ್ಲ, ಕುರ್ಚಿ ನಿಮ್ಮದೇ."

"ಬಿಚ್ಚು ಅಂದ್ನಲ್ಲ."

ಬಾಗಿಲ ಪಕ್ಕದ ಆ ಕುರ್ಚಿಯಲ್ಲಿ ಕುಳಿತು ನಾನೇ ಭುಜದ ಹೊಲಿಗೆ ಬಿಡಿಸಿ, ತೋಳಿನ ಒಂದೊಂದೇ ಸಾಲು ಬಿಚ್ಚಿದೆ. ಬಿಚ್ಚುತ್ತಾ ಬಿಚ್ಚುತ್ತಾ ನನ್ನ ಕಣ್ಣೂ ಬಿಚ್ಚಿತು. ಆಹಾ, ಎಂಥ ದೊಡ್ಡ ಜೀವ! ತಲುಪುವುದರಲ್ಲಿ ಏನಿದೆ, ತಲುಪಲು ಹೊರಟಿರುವುದರಲ್ಲೇ ಎಲ್ಲ ಇದೆ ಎಂದು ಇವರಿಗೆ ಎಂದೋ ತಿಳಿದಿತ್ತು. ಫಲಕ ಒರೆಸುತ್ತಾ ಕುಳಿತ ನನಗೆ ಈಗ ತಿಳಿಯುತ್ತಿದೆ. ದಿನಕ್ಕೊಂದು ಪುಟ ಉಳಿಸಿಕೊಂಡು ಓದುತ್ತಿದ್ದ ನನ್ನ ಗಂಡನಿಗೂ ತಿಳಿದಿತ್ತು. ನಾನೇ ಮಾಲಿಯ ಹೆಸರು ಹೇಳಿ ಅವರ ನಾಲ್ಕು ತಿಂಗಳನ್ನು ಕೊಂದೆ. ಹೊಸ್ತಿಲ ಮೇಲೆ ಬಿದ್ದಿರುವ ಪಾರ್ಸೆಲ್ ಬಹುಶಃ ಅವರ ಮುಂದಿನ ಕಾದಂಬರಿ. ಅದನ್ನು ಮುಟ್ಟುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ಮನೆಗೆ ಮರಳುವಾಗ ನನ್ನ ಗಂಡ ತೆಳು ಅಂಗಿಯಲ್ಲಿ ಗಾಳಿ ಕುಡಿಯುತ್ತಾ ಕಾರು ಓಡಿಸುತ್ತಿದ್ದರು. ಕುತ್ತಿಗೆಯ ಸುತ್ತ ಬಳೆಯಂಥ ಕೆಂಪು ಗುರುತು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕುಳಿತ ನಾನು ಅವರ ಕೈ ಹಿಡಿದುಕೊಂಡು ಕೇಳಿದೆ:

"ಅತ್ತೆ, ಹತ್ತೊಂಬತ್ತು ವರ್ಷ ನೀವು ಇದನ್ನ ಮುಗಿಸದೇ ಇಟ್ಕೊಂಡ್ರಲ್ಲ, ಯಾಕೆ ಅಂತ ಈಗ ಅರ್ಥ ಆಯ್ತು. ಗುರಿ ಸಿಕ್ಕಿಬಿಟ್ರೆ ಸುಖ ಹೋಗ್ಬಿಡತ್ತೆ. ನಡೀತಾ ಇರೋದೇ ಸುಖ. ಅದಕ್ಕೇ ತಾನೇ?"

ಅತ್ತೆ ಚೀಲದ ಬಾಯಿಯ ದಾರವನ್ನು ಸರಿಮಾಡಿದರು.

"ಅಷ್ಟೆಲ್ಲ ಏನಿಲ್ಲಮ್ಮ" ಎಂದರು. "ನನಗೆ ಕುತ್ತಿಗೆ ಹೆಣೆಯೋಕೆ ಬರಲ್ಲ."

ಆಮೇಲೆ ಮುಂದಿನ ಸೀಟಿನಲ್ಲಿದ್ದ ಮಗನ ಕುತ್ತಿಗೆಯ ಕೆಂಪು ಬಳೆಯನ್ನು ಒಮ್ಮೆ ನೋಡಿದರು.

"ನಿನಗೂ ಬರಲ್ಲ."